ಪಾಲಿಕೆಯ ಊರಿನಲ್ಲಿ ಕಂಪನಿಗಳ ಕಾರಭಾರ

ನಮ್ಮ ಮುದ್ರಣಾಲಯದ ಎದುರಿನ ರಸ್ತೆಯನ್ನು ಒಂದೇ ವರುಷದಲ್ಲಿ ಮೂರು ಸಾರೆ ಅಗೆದರು. ಮೊದಲನೆಯ ಸಾರೆ ನೀರಿನ ಕೊಳವೆಗಾಗಿ, ಎರಡನೆಯ ಸಾರೆ ಒಳಚರಂಡಿಗಾಗಿ; ಮೂರನೆಯ ಸಾರೆ ಯಾತಕ್ಕೆಂಬದನ್ನು ಅಗೆಯುವವರೇ ಹೇಳಲಾರದೆ ಹೋದರು. ಅಗೆದವರು ಹೋದರು, ತಗ್ಗು ಉಳಿಯಿತು. ಒಂದು ಸಂಜೆ ಕಾಗದದ ಗಂಟು ಹೊತ್ತು ಬರುತ್ತಿದ್ದ ಹಮಾಲನು ಆ ತಗ್ಗಿನಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದನು. ಕಾಗದ ಕೆಸರಾಯಿತು, ಅವನ ಮೊಣಕಾಲು ಒಡೆಯಿತು.

ಮರುದಿನ ನಾವು ಒಂದು ಅರ್ಜಿಯನ್ನು ಬರೆದುಕೊಂಡು ಒಂದು ಕಚೇರಿಗೆ ಹೋದೆವು. ಅಲ್ಲಿಯವರು ‘ಇದು ನಮ್ಮದಲ್ಲ’ ಎಂದು ಎರಡನೆಯ ಕಚೇರಿಯ ದಾರಿ ತೋರಿಸಿದರು. ಎರಡನೆಯವರು ನಕಾಶೆ ಬಿಡಿಸಿ ನೋಡಿ ಮೂರನೆಯವರ ಹೆಸರು ಹೇಳಿದರು. ಮೂರನೆಯವರು ಬಹಳ ಸೌಜನ್ಯದಿಂದ ಚಹಾ ಕೊಟ್ಟು, ಕಾಮಗಾರಿ ಮುಗಿದಿದೆ, ಗುತ್ತೇದಾರನ ಅವಧಿಯೂ ತೀರಿದೆ, ಇನ್ನು ಮೊದಲನೆಯ ಕಚೇರಿಯವರೇ ನೋಡಿಕೊಳ್ಳಬೇಕೆಂದು ಅಪ್ಪಣೆ ಕೊಡಿಸಿದರು. ಕೊನೆಗೆ ನಮ್ಮ ವಾರ್ಡಿನ ನಗರ ಸೇವಕರನ್ನು ಕಂಡೆವು. ಅವರು ನಮ್ಮ ಮಾತನ್ನು ಪೂರ್ತಿ ಕೇಳಿಕೊಂಡು, ‘ಏನ ಮಾಡೂದ್ರೀ, ನಾನೂ ನಿಮ್ಮ ಹಂಗ ಅರ್ಜಿ ಕೊಟ್ಟೇನ್ರೀ’ ಎಂದರು.

ಆ ದಿನ ನಮಗೆ ನಗು ಬಂದಿತ್ತು. ಆಮೇಲೆ ಯೋಚಿಸಿದಂತೆ ನಗು ಇಳಿಯಿತು. ಮತ ಕೊಟ್ಟ ನಾವೂ ಅರ್ಜಿದಾರರು. ನಮ್ಮ ಮತವನ್ನು ಪಡೆದು ಸಭೆಯಲ್ಲಿ ಕೂತವರೂ ಅರ್ಜಿದಾರರು. ಹಾಗಾದರೆ ಈ ಊರಿನ ಯಜಮಾನರು ಯಾರು?

ಹುಬ್ಬಳ್ಳಿ-ಧಾರವಾಡದಲ್ಲಿ ಯಾವ ಕೆಲಸ ಯಾರದೆಂಬದನ್ನು ಒಮ್ಮೆ ಎಣಿಸಿ ನೋಡೋಣ. ಹೊಸ ಬಡಾವಣೆಗಳ ನಕಾಶೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ಕರೆಂಟು ಹೆಸ್ಕಾಂ ಎಂಬ ಕಂಪನಿಯದು. ಎರಡೂ ಊರುಗಳ ನಡುವಿನ ಚಿಗರಿ ಬಸ್ಸಿನ ದಾರಿಯನ್ನು ಕಟ್ಟಿದ್ದು ಬಿ.ಆರ್.ಟಿ.ಎಸ್. ಕಂಪನಿ, ಅದರ ಮೇಲೆ ಬಸ್ಸು ಓಡಿಸುವದು ವಾಯವ್ಯ ಸಾರಿಗೆ ಸಂಸ್ಥೆ. ಕೆಲವು ರಸ್ತೆ, ಉದ್ಯಾನ, ಮಾರುಕಟ್ಟೆಗಳನ್ನು ಹೊಸದು ಮಾಡಿದ್ದು ಸ್ಮಾರ್ಟ್ ಸಿಟಿ ಕಂಪನಿ. ರಸ್ತೆಗಳಲ್ಲಿಯೇ ಹೆದ್ದಾರಿಯವರದು ಬೇರೆ, ಲೋಕೋಪಯೋಗಿ ಇಲಾಖೆಯದು ಬೇರೆ. ನೀರನ್ನು ಪಾಲಿಕೆಯು 2003ರಲ್ಲಿ ಜಲಮಂಡಳಿಯ ಕೈಗೆ ಕೊಟ್ಟಿತು. 2022ರಲ್ಲಿ ಅದು ಜಲಮಂಡಳಿಯಿಂದ ಎಲ್ ಆ್ಯಂಡ್ ಟಿ ಕಂಪನಿಯ ಕೈಗೆ ಹೋಯಿತು. ಹೀಗೆ ಒಂದೊಂದನ್ನೇ ಕಳೆಯುತ್ತ ಬಂದರೆ ಪಾಲಿಕೆಯ ಪಾಲಿಗೆ ಪೂರ್ತಿಯಾಗಿ ಉಳಿಯುವಂಥವು ಕಸ, ಬೀದಿದೀಪ, ಸ್ಮಶಾನ, ಕೊಂಡವಾಡ ಇಷ್ಟೇ. ಕೊಂಡವಾಡ ನಡೆಸಲಿಕ್ಕೆ ಕಂಪನಿ ಕಟ್ಟುವ ಹಂಬಲ ಇನ್ನೂ ಯಾರಿಗೂ ಹುಟ್ಟಿದ ಹಾಗೆ ಕಾಣುವದಿಲ್ಲ.

ಇದೆಲ್ಲಕ್ಕೂ ‘ಆಡಳಿತದ ಹೊಸ ಪದ್ಧತಿ’ ಎಂದು ಹೆಸರು. ಹೊಸದೆಂಬ ಕಾರಣಕ್ಕೆ ನಾವು ಯಾವದನ್ನೂ ಹಳಿಯುವವರಲ್ಲ. ಆದರೆ ಈ ಪದ್ಧತಿ ನಿಜವಾಗಿಯೂ ಹೊಸದೋ ಎಂಬದೇ ನಮ್ಮ ಸಂಶಯ.

ಹುಬ್ಬಳ್ಳಿಯಲ್ಲಿ ಪುರಸಭೆ ಹುಟ್ಟಿದ್ದು 1855ರಲ್ಲಿ. ಮರುವರ್ಷ 1856ರಲ್ಲಿ ಧಾರವಾಡದಲ್ಲಿ. ಆಗ ನಾಡನ್ನು ಆಳುತ್ತಿದ್ದದ್ದು ಕುಂಪಣಿ ಸರಕಾರವೆಂಬದನ್ನು ವಾಚಕರು ಮರೆಯಬಾರದು. ರಾಣಿಯ ಹೆಸರಿನ ರಾಜ್ಯಭಾರ ಬಂದದ್ದು 1858ರಲ್ಲಿ. ಎಂದರೆ ನಮ್ಮ ಪೌರಸಂಸ್ಥೆಯ ಜನ್ಮವೇ ಒಂದು ಕಂಪನಿಯ ಕೈಕೆಳಗೆ ಆಯಿತು; ಅಧಿಕಾರಿಗಳು ಆರಿಸಿದವರೇ ಅದರ ಪಂಚರು. ಅಲ್ಲಿಂದ ಮುಂದೆ ಆ ಸಂಸ್ಥೆಯನ್ನು ಊರಿನವರ ಕೈಗೆ ತರಲು ಒಂದು ಶತಮಾನವೇ ಹಿಡಿಯಿತು. 1882ರಲ್ಲಿ ಲಾರ್ಡ್ ರಿಪನ್ನರು ಸ್ಥಾನಿಕ ಸ್ವರಾಜ್ಯದ ಠರಾವನ್ನು ಹೊರಡಿಸಿದಾಗ, ಇದರಿಂದ ಕೆಲಸ ಅಚ್ಚುಕಟ್ಟಾದೀತೆಂಬ ಭರವಸೆಯನ್ನು ಅವರು ಮುಂದೆ ಮಾಡಲಿಲ್ಲ. ಜನರಿಗೆ ರಾಜ್ಯಭಾರದ ಶಿಕ್ಷಣವಾದೀತು ಎಂಬದನ್ನೇ ಮುಂದೆ ಮಾಡಿದರು. ಪರಕೀಯನಾದರೂ ಆತನಿಗೆ ತಿಳಿದಿದ್ದ ಮರ್ಮ ಅದು. ಆ ಶಿಕ್ಷಣದ ಫಲವನ್ನು ನಮ್ಮ ಊರೇ ಕಂಡಿತು. ಸರ್ ಸಿದ್ದಪ್ಪ ಕಂಬಳಿಯವರು ಹುಬ್ಬಳ್ಳಿ ಪುರಸಭೆಯ ಅಧ್ಯಕ್ಷರಾಗಿ ಕಾರಭಾರ ಕಲಿತು, ಮುಂದೆ ಮುಂಬಯಿ ಸರಕಾರದಲ್ಲಿ ಶಿಕ್ಷಣದ ಮಂತ್ರಿಗಳಾದರು.

ಕಂಬಳಿಯವರು ಮಂತ್ರಿಗಳಾದದ್ದು ದ್ವಿಪ್ರಭುತ್ವದ ಕಾಲದಲ್ಲಿ. 1919ರ ಕಾಯದೆಯು ಪ್ರಾಂತಗಳ ಸರಕಾರವನ್ನು ಎರಡು ಪಾಲು ಮಾಡಿತ್ತು. ಶಿಕ್ಷಣ, ಆರೋಗ್ಯ, ಸ್ಥಾನಿಕ ಸ್ವರಾಜ್ಯ ಮುಂತಾದವುಗಳನ್ನು ‘ಒಪ್ಪಿಸಿದ ವಿಷಯ’ಗಳೆಂದು ದೇಶೀ ಮಂತ್ರಿಗಳಿಗೆ ಕೊಟ್ಟರು, ಹಣಕಾಸು, ಪೋಲೀಸು, ಭೂಕಂದಾಯಗಳನ್ನು ‘ಕಾಯ್ದಿರಿಸಿದ ವಿಷಯ’ಗಳೆಂದು ಗವರ್ನರನ ಕೈಯಲ್ಲಿಟ್ಟುಕೊಂಡರು. ಶಾಲೆ ಮುಚ್ಚಿದರೆ ಬೈಗುಳು ಮಂತ್ರಿಗೆ. ಶಾಲೆ ತೆರೆಯುವ ದುಡ್ಡಿನ ಚಾವಿ ಮಾತ್ರ ಬೇರೊಬ್ಬರ ಉಡಿಯಲ್ಲಿ. ಇದು ಸ್ವರಾಜ್ಯವಲ್ಲ, ಸ್ವರಾಜ್ಯದ ಸೋಗು ಎಂದು ಆಗಿನ ರಾಷ್ಟ್ರೀಯ ಪತ್ರಿಕೆಗಳು ಬರೆದು ಬರೆದು ದಣಿದವು. 1937ರಲ್ಲಿ ಆ ಏರ್ಪಾಡು ಪ್ರಾಂತಗಳಿಂದ ಹೋಯಿತು.

ಹೋದದ್ದು ನಮ್ಮ ಊರುಗಳೊಳಗೆ ಮೆಲ್ಲಗೆ ತಿರುಗಿ ಬಂದಿದೆ ಎಂಬದೇ ನಮ್ಮ ಹೇಳಿಕೆ. ಘರಪಟ್ಟಿ ವಸೂಲು ಮಾಡಿ ಜನರಿಂದ ಬೈಸಿಕೊಳ್ಳುವದು ನಗರ ಸೇವಕರಿಗೆ ಒಪ್ಪಿಸಿದ ವಿಷಯ. ಸಾವಿರ ಕೋಟಿಯ ಯೋಜನೆಗಳು ಕಾಯ್ದಿರಿಸಿದ ವಿಷಯ. ಹೆಸರು ಬೇರೆ, ಕಾಯದೆ ಬೇರೆ. ಚಾವಿ ಇರುವ ಜಾಗ ಮಾತ್ರ ಅದೇ.

ಘಟನೆಯಲ್ಲಿ ಹೀಗೆ ಬರೆದಿಲ್ಲವಲ್ಲ ಎಂದು ವಾಚಕರು ಕೇಳಿಯಾರು. ನಿಜ. 1993ರ ಜೂನ 1ರಿಂದ ಜಾರಿಗೆ ಬಂದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ನಗರಸಂಸ್ಥೆಗಳಿಗೆ ತಕ್ಕ ಕೆಲಸಗಳೆಂದು ಹದಿನೆಂಟು ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ನಗರ ಯೋಜನೆ ಮೊದಲನೆಯದು, ರಸ್ತೆ ಸೇತುವೆ ನಾಲ್ಕನೆಯದು, ನೀರು ಐದನೆಯದು. ಆದರೆ ಈ ಅಧಿಕಾರಗಳನ್ನು ರಾಜ್ಯಗಳು ‘ಕೊಡತಕ್ಕದ್ದು’ ಎಂದು ಘಟನೆ ಹೇಳಿಲ್ಲ, ‘ಕೊಡಬಹುದು’ ಎಂದಿದೆ. ಆ ಒಂದು ‘ಬಹುದು’ ಎಂಬ ಬಾಗಿಲಿನಿಂದ ಎಷ್ಟು ಕಂಪನಿಗಳು ಒಳಗೆ ಬಂದವು ನೋಡಿರಿ!

ಸ್ಮಾರ್ಟ್ ಸಿಟಿ ಯೋಜನೆಯು ಈ ಪದ್ಧತಿಯ ಅಚ್ಚು. ಕೇಂದ್ರ ಸರಕಾರವು 2015ರ ಜೂನದಲ್ಲಿ ಅದನ್ನು ಸಾರಿತು. 2016ರ ಸಪ್ಟೆಂಬರದಲ್ಲಿ ನಮ್ಮ ಅವಳಿ ನಗರವು ಆಯ್ಕೆಯಾಯಿತು. ಊರಿಗೆ ಸಾವಿರ ಕೋಟಿ: ಐದುನೂರು ಕೇಂದ್ರದ್ದು, ಐದುನೂರು ರಾಜ್ಯದ್ದು. ಹಣವು ಪಾಲಿಕೆಗೆ ಬರಲಿಲ್ಲ. ಅದಕ್ಕಾಗಿ ‘ಸ್ಪೆಶಲ್ ಪರ್ಪಸ್ ವೆಹಿಕಲ್’ ಎಂಬ ಒಂದು ಕಂಪನಿಯನ್ನು ಹುಟ್ಟಿಸಬೇಕೆಂದು ನಿಯಮವಾಯಿತು. ಸರಕಾರಿ ಕಾಗದಗಳಲ್ಲಿ ಇದನ್ನು ‘ವಿಶೇಷ ಉದ್ದೇಶ ವಾಹನ’ ಎಂದು ಕನ್ನಡಿಸಿದ್ದಾರೆ. ಪಾಠಶಾಲೆಯ ಲೆಕ್ಕ ಕಲಿತು ಮ್ಯಾಟ್ರಿಕಿಗೆ ನಿಂತವರು ನಾವು. ಆ ಮಾತನ್ನು ಮೊದಲು ಓದಿದಾಗ ಪಾಲಿಕೆಗೆ ಯಾವದೋ ಹೊಸ ಲಾರಿ ಬರುತ್ತದೆಂದೇ ತಿಳಿದುಕೊಂಡಿದ್ದೆವು. ಆಮೇಲೆ ನಿಯಮಾವಳಿಯನ್ನು ಓದಿಸಿ ಕೇಳಿದೆವು. ಶೇರುಗಳಲ್ಲಿ ಅರ್ಧ ರಾಜ್ಯದ್ದು, ಅರ್ಧ ಪಾಲಿಕೆಯದು. ಇಷ್ಟರವರೆಗೆ ಬಹಳ ಚಂದ. ಆದರೆ ಅಧ್ಯಕ್ಷರಾಗತಕ್ಕವರು ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಪಾಲಿಕೆಯ ಆಯುಕ್ತರು ಇಲ್ಲವೆ ಪ್ರಾಧಿಕಾರದ ಮುಖ್ಯಾಧಿಕಾರಿ. ಇವರಲ್ಲಿ ಒಬ್ಬರನ್ನು ರಾಜ್ಯ ಸರಕಾರ ಆರಿಸಬೇಕು. ಮಹಾಪೌರರ ಹೆಸರು ಆ ಸಾಲಿನಲ್ಲಿ ಇಲ್ಲ. ಇಷ್ಟೇ ಅಲ್ಲ, ಈ ಯೋಜನೆಯ ಮಟ್ಟಿಗೆ ಪಾಲಿಕೆಯ ಸಭೆಗಿರುವ ಹಕ್ಕುಬಾಧ್ಯತೆಗಳನ್ನು ಕಂಪನಿಗೆ ವಹಿಸಿಕೊಡಬೇಕೆಂತಲೂ, ನಿರ್ಣಯಾಧಿಕಾರವನ್ನು ಕಂಪನಿಯ ಮುಖ್ಯ ಕಾರ್ಯನಿರ್ವಾಹಕರಿಗೆ ಕೊಡಬೇಕೆಂತಲೂ ಅದೇ ನಿಯಮಾವಳಿಯು ಹುರಿದುಂಬಿಸುತ್ತದೆ. ಚಕ್ಕಡಿಯ ಅರ್ಧ ಬೆಲೆ ರೈತನದು. ಎತ್ತಿನ ಹಗ್ಗ ಮಾತ್ರ ಅವನ ಕೈಗೆ ಕೊಡತಕ್ಕದ್ದಲ್ಲ!

ಇನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಹಗ್ಗ ಹಿಡಿಯುವ ಕೈಗಳೇ ಇರಲಿಲ್ಲವೆಂಬದನ್ನು ಹೇಳಬೇಕು. 2019ರ ಮಾರ್ಚದಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿಯಿತು. ಅವಧಿ ಮುಗಿಯುವ ಮುಂಚೆ ಚುನಾವಣೆಯನ್ನು ಮುಗಿಸತಕ್ಕದ್ದೆಂದು ಘಟನೆಯ ಆಜ್ಞೆ. ಇಲ್ಲಿ ‘ಬಹುದು’ ಇಲ್ಲ. ಶ್ರೇಷ್ಠ ನ್ಯಾಯಾಲಯವೂ 2006ರಲ್ಲಿ ಅಹಮದಾಬಾದ ಪಾಲಿಕೆಯ ಮೊಕದ್ದಮೆಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಸಾರಿದೆ. ಆದರೂ ನಮ್ಮಲ್ಲಿ ಮತದಾನವಾದದ್ದು 2021ರ ಸಪ್ಟೆಂಬರ 3ರಂದು. ಎಂಬತ್ತೆರಡು ವಾರ್ಡುಗಳಿಂದ ಎಂಬತ್ತೆರಡು ಜನ ಆರಿಸಿ ಬಂದರು. ಬಂದು ಮನೆಯಲ್ಲಿ ಕೂತರು. ಮಹಾಪೌರರ ಆಯ್ಕೆಯಾದದ್ದು 2022ರ ಮೇ 28ರಂದು. ಹೀಗೆ ಮೂರು ವರ್ಷ ಎರಡು ತಿಂಗಳಿಗೂ ಮೇಲ್ಪಟ್ಟು, ಒಂಬತ್ತು ಲಕ್ಷ ಜನರ ಊರು ಸಭೆಯಿಲ್ಲದೆ, ಮಹಾಪೌರರಿಲ್ಲದೆ ನಡೆಯಿತು. ಸ್ಮಾರ್ಟ್ ಸಿಟಿಯ ಕಾಮಗಾರಿಗಳು ಭರದಿಂದ ಸಾಗಿದ ವರ್ಷಗಳು ಇವೇ. ಮನೆಯ ಯಜಮಾನನು ಊರಲ್ಲಿಲ್ಲದಾಗ ಮನೆಗೆ ಸುಣ್ಣ ಬಳಿದು, ಕಿಡಕಿ ಕಿತ್ತು ಬೇರೆ ಕಡೆ ಕೂಡಿಸಿ, ಅವನು ಬಂದ ಮೇಲೆ ‘ಚಂದ ಆಗೇದಲ್ಲ?’ ಎಂದು ಕೇಳಿದ ಹಾಗಾಯಿತು.

ಇಷ್ಟು ಹೇಳಿದ್ದರಿಂದ ನಾವು ನಗರ ಸೇವಕರ ವಕೀಲಿ ಮಾಡುತ್ತಿದ್ದೇವೆಂದು ಯಾರೂ ತಿಳಿಯಬಾರದು. ಕಂಪನಿಗಳು ಸುಮ್ಮನೆ ಬರಲಿಲ್ಲ. ಘರಪಟ್ಟಿಯ ಬಾಕಿ ಬೆಳೆಯಗೊಟ್ಟದ್ದು, ಗುತ್ತೇದಾರರಿಗೆ ಸಲಿಗೆ ಕೊಟ್ಟದ್ದು, ಸಭೆಯ ವೇಳೆಯನ್ನು ಪಕ್ಷಗಳ ಗದ್ದಲದಲ್ಲಿ ಕಳೆದದ್ದು, ವಾರ್ಡಿನ ಗಟಾರಿಗಿಂತ ಮಿತ್ರನ ಮಳಿಗೆಯನ್ನು ಹೆಚ್ಚು ನೋಡಿಕೊಂಡದ್ದು ನಗರಸಂಸ್ಥೆಗಳಲ್ಲಿ ನಡೆಯುತ್ತ ಬಂದದ್ದನ್ನು ಊರೆಲ್ಲ ಬಲ್ಲದು. ‘ಇವರ ಕೈಗೆ ಕೊಟ್ಟರೆ ಕೆಲಸವಾಗುವದಿಲ್ಲ’ ಎಂದು ಅಧಿಕಾರಿಗಳು ಹೇಳಿದಾಗ ಜನರು ತಲೆ ಹಾಕಿದ್ದು ಇದೇ ಕಾರಣಕ್ಕೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಪರಕೀಯ ಸರಕಾರವೂ ನಮಗೆ ಇದೇ ಮಾತನ್ನು ಹೇಳುತ್ತಿರಲಿಲ್ಲವೇ? ನೀವು ಇನ್ನೂ ಯೋಗ್ಯರಾಗಿಲ್ಲ. ಯೋಗ್ಯರಾದ ಮೇಲೆ ನೋಡೋಣ ಎಂದು? ಈಜು ಕಲಿತ ಮೇಲೆಯೇ ನೀರಿಗೆ ಇಳಿಸುತ್ತೇನೆಂಬ ಗುರುವಿನ ಶಿಷ್ಯರು ಎಂದೂ ದಡ ಬಿಡುವದಿಲ್ಲ.

ನೀರಿನ ಮಾತು ಬಂತು. ಈ ಊರಿನಲ್ಲಿ ಹೊಸ ಪದ್ಧತಿಯ ಗುಣದೋಷಗಳೆರಡನ್ನೂ ತೂಗಿ ನೋಡಲಿಕ್ಕೆ ನೀರಿಗಿಂತ ಒಳ್ಳೆಯ ತಕ್ಕಡಿ ಇಲ್ಲ. ಉಣಕಲ್ಲ ಕೆರೆಯ ನೀರು ಕುಡಿದ ಊರಿಗೆ 1955ರಲ್ಲಿ ನೀರಸಾಗರ ಬಂತು; ಮುಂದೆ ಸವದತ್ತಿಯ ನವಿಲುತೀರ್ಥದಿಂದ ಮಲಪ್ರಭೆ ಬಂದಳು. ಆದರೂ ಊರು ಬೆಳೆದ ಓಟಕ್ಕೆ ನೀರು ಸಾಲದೆ, ಐದು ದಿನಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ ನಳ ಬರುವದೇ ರೂಢಿಯಾಯಿತು. ನಳ ಬಂದ ದಿನ ಮನೆಯ ಹೆಣ್ಣುಮಕ್ಕಳಿಗೆ ನಿದ್ದೆಯಿಲ್ಲ. ಕೂಲಿಯವರಿಗೆ ಆ ದಿನದ ಕೂಲಿಯಿಲ್ಲ. ಬಂಧುಗಳ ಮದುವೆಗೆ ಹೋಗಬೇಕಾದರೂ ‘ನಾಳೆ ನಳ ಅದ’ ಎಂದು ತಡೆದು ನಿಂತ ಮನೆಗಳನ್ನು ನಾವು ಬಲ್ಲೆವು.

ಜಾಗತಿಕ ಬ್ಯಾಂಕಿನ ಸಾಲದಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ಭಾಗಗಳಲ್ಲಿ ಇಪ್ಪತ್ನಾಲ್ಕು ತಾಸಿನ ನೀರಿನ ಪ್ರಯೋಗವನ್ನು ನಡೆಸಿದರು. 2008ರಿಂದ ನಮ್ಮ ಊರಿನ ಸುಮಾರು ಹತ್ತರಲ್ಲೊಂದು ಪಾಲಿಗೆ ಹಗಲಿರುಳು ನೀರು ಬಂತು. ಹೊಸ ಕೊಳವೆ, ಮನೆಗೊಂದು ಮೀಟರು, ಬಳಸಿದಷ್ಟಕ್ಕೆ ದುಡ್ಡು. ನಡೆಸಿದವರು ಫ್ರಾನ್ಸ ದೇಶದ ವಿಯೋಲಿಯಾ ಕಂಪನಿಯ ಪರಿವಾರದವರು. ಇಷ್ಟು ವರ್ಷ ಆಗದು, ಆಗದು ಎಂದದ್ದು ಆಗುತ್ತದೆಂದು ಈ ಪ್ರಯೋಗವು ತೋರಿಸಿಕೊಟ್ಟಿತು. ಅದನ್ನು ನಾವು ಮನಸ್ಸು ಬಿಚ್ಚಿ ಒಪ್ಪುತ್ತೇವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಓಣಿಗಳಿಗೇ ಬಂದು, ದಿನವಿಡೀ ನೀರಿದ್ದ ಮನೆಗಳನ್ನೂ ಇಲ್ಲದ ಮನೆಗಳನ್ನೂ ಸರಿಹೋಲಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಅವರ ನಿರ್ಣಯವು ಪ್ರಾಮಾಣಿಕವಾದದ್ದು: ಎಳೆಯ ಮಕ್ಕಳ ಅತಿಸಾರವು ಒಟ್ಟಾರೆಯಾಗಿ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಆದರೆ ವಿಷಮಜ್ವರದ ಪೀಡೆ ಕಡಿಮೆಯಿತ್ತು, ಬಡವರ ಮನೆಯ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು. ಬಡವನಿಗೆ ಲಾಭವಾದ ಕೆಲಸವನ್ನು ಯಾರೇ ಮಾಡಿರಲಿ, ಅದು ಒಳ್ಳೆಯ ಕೆಲಸ.

ಆದರೆ ಆ ಹತ್ತರಲ್ಲೊಂದು ಪಾಲು ಹತ್ತಕ್ಕೆ ಹತ್ತು ಆಗುವದೆಂದು? 2008ರಿಂದ ಹದಿನೈದು ವರ್ಷಗಳಿಗೂ ಮೇಲಾಗಿ ಹೋದವು. ಒಂದೇ ಊರಿನಲ್ಲಿ, ಕೆಲವು ಕಡೆ ಒಂದೇ ರಸ್ತೆಯ ಎಡಬಲಗಳಲ್ಲಿ, ಒಂದು ಮನೆಯವರು ನಳ ತಿರುವಿ ಕೈ ತೊಳೆಯುತ್ತಾರೆ. ಎದುರಿನವರು ಕೊಡ ಎಣಿಸುತ್ತಾರೆ. ಯೋಜನೆ ಬದಲಾಯಿತು, ಸಾಲ ಬದಲಾಯಿತು, ನಡೆಸುವವರು ಬದಲಾದರು. ಈ ಬದಲಾವಣೆಗಳ ನಡುವೆ ಕೊಡ ಹಿಡಿದ ಹೆಣ್ಣುಮಗಳು ಕೇಳಬೇಕಾದ ಬಾಗಿಲು ಎಷ್ಟು ಸಾರೆ ಬದಲಾಯಿತು! ಆಕೆ ಮತ ಕೊಟ್ಟದ್ದು ಒಬ್ಬನಿಗೆ. ನೀರು ಬಿಡುವವನು ಆ ಮತಕ್ಕೆ ಸಿಗದ ಇನ್ನೊಬ್ಬ. ನಮ್ಮ ತಕರಾರು ಕಂಪನಿಯ ಕುಶಲತೆಯ ಮೇಲಲ್ಲ. ಕೊಳವೆ ಜೋಡಿಸುವ ವಿದ್ಯೆ ಅವರಿಗೆ ಬರುತ್ತದೆ, ಜೋಡಿಸಲಿ. ಯಾವ ಓಣಿಗೆ ಮೊದಲು, ಯಾವದಕ್ಕೆ ಆಮೇಲೆ, ಬಡವರಿಗೆ ಯಾವ ದರ ಎಂಬ ಮೂರು ನಿರ್ಣಯಗಳು ಮಾತ್ರ ಊರಿನ ಸಭೆಯಲ್ಲಿ, ಬಾಗಿಲು ತೆರೆದು, ಕನ್ನಡದಲ್ಲಿ ಆಗಬೇಕು.

ಪರದೇಶದ ಉದಾಹರಣೆಯೇ ಬೇಕೆನ್ನುವವರಿಗೆ ಒಂದನ್ನು ಕೊಡುತ್ತೇವೆ. ನಮ್ಮ ಊರಿನಲ್ಲಿ ಪ್ರಯೋಗ ನಡೆಸಿದ ಕಂಪನಿಯ ತವರೂರು ಪ್ಯಾರಿಸ. ಆ ನಗರದ ನೀರನ್ನು ಇಪ್ಪತ್ತೈದು ವರ್ಷಗಳ ಕಾಲ ಅದೇ ವಿಯೋಲಿಯಾ ಮತ್ತು ಸುಯೆಜ್ ಎಂಬ ಎರಡು ಕಂಪನಿಗಳು ಹಂಚುತ್ತಿದ್ದವು. ಕರಾರು ಮುಗಿದೊಡನೆ, 2010ರ ಜನೇವರಿ 1ರಿಂದ, ಪ್ಯಾರಿಸದ ನಗರಸಭೆಯು ನೀರನ್ನು ತನ್ನ ಕೈಗೇ ತೆಗೆದುಕೊಂಡಿತು. ಮುಂದಿನ ವರ್ಷ ದರವನ್ನು ನೂರಕ್ಕೆ ಎಂಟರಷ್ಟು ಇಳಿಸಿತು. ಇಂಗ್ಲೆಂಡದ ಬರ್ಮಿಂಗಹ್ಯಾಮದಲ್ಲಿ ಮಹಾಪೌರ ಜೋಸೆಫ್ ಚೇಂಬರ್ಲೇನನು 1873ರಿಂದ 1876ರವರೆಗಿನ ತನ್ನ ಕಾಲದಲ್ಲಿ ಇದನ್ನೇ ಮಾಡಿದ್ದನು. ಗ್ಯಾಸು ನೀರುಗಳೆರಡನ್ನೂ ಖಾಸಗಿ ಕಂಪನಿಗಳಿಂದ ಕೊಂಡು ಊರಿನದನ್ನಾಗಿ ಮಾಡಿದನು. ನಮಗೆ ನವೀನವೆಂದು ತೋರಿಸುವ ವಸ್ತುವನ್ನು ಅವರು ಬಳಸಿ ನೋಡಿ ಕೆಳಗಿಟ್ಟಿದ್ದಾರೆ.

ಚಿಗರಿಯ ವಿಷಯದಲ್ಲಿ ಹೆಚ್ಚು ಬರೆಯುವ ಕಾರಣವಿಲ್ಲ. 2018ರ ಅಕ್ಟೋಬರ 2ರಿಂದ ಓಡತೊಡಗಿದ ಆ ಬಸ್ಸು ಇಪ್ಪತ್ತೆರಡು ಕಿಲೋಮೀಟರಿನ ದಾರಿಯನ್ನು ಸುಖದ್ದನ್ನಾಗಿ ಮಾಡಿತು. ನಾವೂ ಅದರಲ್ಲಿ ಕೂತು ಧಾರವಾಡಕ್ಕೆ ಹೋಗಿಬರುತ್ತೇವೆ. ಆದರೆ ಜೋರು ಮಳೆಯಾದ ಸಂಜೆ ಧಾರವಾಡದ ಟೋಲನಾಕಾದಲ್ಲಿ ನೀರು ನಿಂತಾಗ, ಗಟಾರು ಒಬ್ಬರದು, ಬಸ್ಸಿನ ದಾರಿ ಇನ್ನೊಬ್ಬರದು, ನೆನೆಯುವ ಮೈ ಮಾತ್ರ ನಮ್ಮದು.

ಸ್ಮಾರ್ಟ್ ಸಿಟಿ ಯೋಜನೆಯ ಅವಧಿಯು 2025ರ ಮಾರ್ಚ 31ಕ್ಕೆ ಮುಗಿದುಹೋಯಿತು. ಇಂದಿರಾ ಗಾಜಿನಮನೆಯ ಉದ್ಯಾನ, ತೋಳನಕೆರೆಯ ದಂಡೆ, ಉಣಕಲ್ಲ ನಾಲೆಯ ಪಕ್ಕದ ಸೈಕಲ್ ದಾರಿ, ಮಾರುಕಟ್ಟೆಗಳ ಹೊಸ ಕಟ್ಟಡಗಳು ನಿಂತಿವೆ. ಅವುಗಳಲ್ಲಿ ಕೆಲವು ಚಂದವಾಗಿಯೂ ಇವೆ. ಅವುಗಳ ದೀಪದ ಬಿಲ್ಲು, ಕಾವಲುಗಾರನ ಪಗಾರ, ಮುರಿದ ಕಲ್ಲಿನ ದುರಸ್ತಿ ಇನ್ನು ಮೇಲೆ ಯಾರ ಲೆಕ್ಕಕ್ಕೆ? ಕಟ್ಟುವ ಸಂಭ್ರಮ ಕಂಪನಿಗೆ, ಸಾಕುವ ಭಾರ ಪಾಲಿಕೆಗೆ ಎಂಬಂತಾಗಿದೆ. ಹೇಗಿರಬೇಕೆಂದು ಪಾಲಿಕೆಯ ಸಭೆಯನ್ನು ಕೇಳದೆ ಕಟ್ಟಿದ್ದನ್ನು, ಆ ಸಭೆಯು ತನ್ನ ಮುಂಗಡಪತ್ರದಲ್ಲಿ ವರ್ಷವರ್ಷವೂ ಹೊರಬೇಕು. ಹೊರಲಾರದೆ ಕೆಳಗಿಟ್ಟರೆ, ‘ನೋಡಿದಿರಾ, ಪಾಲಿಕೆಗೆ ಕೊಟ್ಟರೆ ಹೀಗಾಗುತ್ತದೆ’ ಎಂಬ ಮಾತು ಸಿದ್ಧವಾಗಿಯೇ ಇರುತ್ತದೆ.

ಹೊಸ ಪದ್ಧತಿಗಳಲ್ಲಿ ನಮ್ಮ ಮನಸ್ಸಿಗೆ ಪೂರ್ಣವಾಗಿ ಒಪ್ಪಿದ್ದು ಒಂದಿದೆ, ಅದು ನಮ್ಮ ನೆಲದಲ್ಲಿಯೇ ಮೊದಲು ಕಾಲಿಟ್ಟದ್ದು. ‘ಸಕಾಲ’ದ ಕಾಯದೆಯನ್ನು ರಾಜ್ಯಕ್ಕೆಲ್ಲ ಹರಡುವ ಮುಂಚೆ, 2012ರ ಮಾರ್ಚ 1ರಿಂದ ನಾಲ್ಕು ತಾಲೂಕುಗಳಲ್ಲಿ ಪರೀಕ್ಷೆಗಿಟ್ಟರು: ಔರಾದ, ಚಿತ್ರದುರ್ಗ, ಪುತ್ತೂರು ಮತ್ತು ನಮ್ಮ ಧಾರವಾಡ. ಎಪ್ರಿಲ್ 2ರಿಂದ ಅದು ನಾಡಿಗೆಲ್ಲ ಬಂತು. ಅದರ ತತ್ತ್ವ ಬಲು ಸರಳ. ಇಂಥ ಕಾಗದವನ್ನು ಇಷ್ಟು ದಿನಗಳಲ್ಲಿ ಕೊಡತಕ್ಕದ್ದು. ಅರ್ಜಿ ಕೊಟ್ಟವನ ಕೈಯಲ್ಲಿ ಒಂದು ನಂಬರು ಇರತಕ್ಕದ್ದು. ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ, ಐದುನೂರರವರೆಗೆ, ತಡಮಾಡಿದ ಅಧಿಕಾರಿಯಿಂದ ಅರ್ಜಿದಾರನಿಗೆ ಪರಿಹಾರ ಸಲ್ಲತಕ್ಕದ್ದು. ಇಪ್ಪತ್ತು ರೂಪಾಯಿ ದೊಡ್ಡದಲ್ಲ. ಆದರೆ ‘ಇದು ಯಾರ ಕೆಲಸ’ ಎಂಬದು ಕಾಗದದ ಮೇಲೆ ಬರೆದಿರುತ್ತದೆ; ಆ ಹೆಸರಿನವನು ಇನ್ನೊಬ್ಬನನ್ನು ತೋರಿಸಿ ಪಾರಾಗಲಾರನು. ಜನನದ ದಾಖಲೆಗೆ ಈ ನಿಯಮವಿರಬಹುದಾದರೆ ಜನಿಸಿದವನು ಕುಡಿಯುವ ನೀರಿಗೆ ಯಾಕಿರಬಾರದು? ಓಣಿಗೆ ನೀರು ಬರುವ ದಿನವನ್ನು ಮುಂಗಡ ಸಾರಲಿ. ತಪ್ಪಿದರೆ ತಪ್ಪಿದ ದಿನಗಳಷ್ಟು ನೀರಿನ ಪಟ್ಟಿಯಲ್ಲಿ ಕಡಿತವಾಗಲಿ. ಅಗೆದ ರಸ್ತೆಯ ಮೇಲೆ ಅಗೆದವರ ಹೆಸರು, ಮುಚ್ಚುವ ತಾರೀಖು ಹಲಗೆಯ ಮೇಲೆ ಬರೆದಿರಲಿ. ಇದಕ್ಕೆ ಜಾಗತಿಕ ಬ್ಯಾಂಕಿನ ಸಾಲ ಬೇಕಿಲ್ಲ.

ಧಾರವಾಡದ ಪ್ರತ್ಯೇಕ ಪಾಲಿಕೆಯ ಪ್ರಶ್ನೆಗೂ ಇದೇ ಒರೆಗಲ್ಲು. ಇಪ್ಪತ್ತು ಕಿಲೋಮೀಟರಿನ ಅಂತರದ ಎರಡು ಊರುಗಳನ್ನು 1962ರಲ್ಲಿ ಒಂದು ಪಾಲಿಕೆಯಲ್ಲಿ ಕೂಡಿಸಿದರು. ನಮ್ಮ ಪಾಲು ಹುಬ್ಬಳ್ಳಿಗೆ ಹರಿದು ಹೋಗುತ್ತದೆಂಬದು ಧಾರವಾಡದವರ ಹಳೆಯ ನೋವು. ಅದರಲ್ಲಿ ಹುರುಳಿಲ್ಲವೆಂದು ಹುಬ್ಬಳ್ಳಿಯವರಾದ ನಾವು ಹೇಳಿದರೆ ಅನ್ಯಾಯವಾದೀತು. 2025ರ ಜನೇವರಿಯಲ್ಲಿ ರಾಜ್ಯದ ಮಂತ್ರಿಮಂಡಲವು ಬೇರೆ ಪಾಲಿಕೆಗೆ ಒಪ್ಪಿಗೆ ಕೊಟ್ಟಾಗ ಧಾರವಾಡದ ಸ್ನೇಹಿತರು ನಮಗೆ ಪೇಢೆ ತಂದುಕೊಟ್ಟರು. ತಿಂದೆವು, ಸಿಹಿಯಾಗಿತ್ತು. ಆದರೆ ಅವರನ್ನು ಒಂದು ಮಾತು ಕೇಳದೆ ಇರಲಾಗಲಿಲ್ಲ: ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡುತ್ತಾರಲ್ಲವೇ? ಹೊಲವೆಲ್ಲ ಒತ್ತೆಯಲ್ಲಿರುವಾಗ ಹಿಸ್ಸೆಯಾದರೆ ಕೈಗೆ ಬರುವದೇನು? ನೀರು, ರಸ್ತೆ, ನಕಾಶೆಗಳ ಸಮೇತ ಬಂದರೆ ಅ ಧಾರವಾಡದ ಪಾಲಿಕೆಯನ್ನು ನಾವೂ ಹೂಮಾಲೆ ಹಿಡಿದು ಎದುರುಗೊಳ್ಳುತ್ತೇವೆ. ಬೆಂಗಳೂರಿನ ಗತಿಯನ್ನು ನೋಡಿರಿ: 2020ರ ಸಪ್ಟೆಂಬರದಲ್ಲಿ ಅಲ್ಲಿಯ ಪಾಲಿಕೆಯ ಸದಸ್ಯರ ಅವಧಿ ಮುಗಿಯಿತು, ಐದು ವರ್ಷ ಚುನಾವಣೆಯಾಗಲಿಲ್ಲ, 2025ರ ಸಪ್ಟೆಂಬರದಲ್ಲಿ ಅದೊಂದನ್ನು ಐದು ಪಾಲಿಕೆಗಳನ್ನಾಗಿ ಒಡೆದರು. ಖಾಲಿ ಕುರ್ಚಿಗಳ ಸಂಖ್ಯೆ ಆ ದಿನ ಐದು ಪಟ್ಟಾಯಿತು.

ನಮ್ಮ ಮಹಾಪೌರರ ಕುರ್ಚಿಯ ಅವಧಿ ಒಂದು ವರ್ಷ. ಮೊದಲ ಮೂರು ತಿಂಗಳು ಸತ್ಕಾರಗಳಲ್ಲಿ ಹೋಗುತ್ತವೆ, ಕೊನೆಯ ಮೂರು ತಿಂಗಳು ಮುಂದಿನವರು ಯಾರೆಂಬ ಗುಸುಗುಸಿನಲ್ಲಿ. ನಡುವಿನ ಆರು ತಿಂಗಳಲ್ಲಿ ಕಡತಗಳ ಬಣ್ಣ ಗುರುತು ಹತ್ತಿದರೆ ಹೆಚ್ಚು. ಆಯುಕ್ತರನ್ನು ಕಳಿಸುವವರೂ ಕರೆಸಿಕೊಳ್ಳುವವರೂ ಬೆಂಗಳೂರಿನಲ್ಲಿದ್ದಾರೆ. ಆದ್ದರಿಂದ ನಮ್ಮ ಬೇಡಿಕೆಯನ್ನು ನಾವು ಆಯುಕ್ತರ ಮುಂದೆ ಇಡುವದಿಲ್ಲ, ಎಂಬತ್ತೆರಡು ವಾರ್ಡುಗಳ ಪ್ರತಿನಿಧಿಗಳ ಮುಂದೆ ಇಡುತ್ತೇವೆ. ಪಕ್ಷ ಯಾವದೇ ಇರಲಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ಠರಾವನ್ನು ಒಮ್ಮತದಿಂದ ಮಾಡಲಿ: ಈ ಊರಿನಲ್ಲಿ ಊರಿನ ಕೆಲಸ ಮಾಡುವ ಪ್ರತಿಯೊಂದು ಕಂಪನಿ, ಮಂಡಳಿ, ಪ್ರಾಧಿಕಾರದ ಮುಖ್ಯಸ್ಥರು ಮೂರು ತಿಂಗಳಿಗೊಮ್ಮೆ ಸಭೆಗೆ ಬಂದು, ಮಾಡಿದ್ದು, ಮಾಡದ್ದು, ಖರ್ಚಾದದ್ದು ಇವುಗಳ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಬೇಕು, ಮತ್ತು ಸದಸ್ಯರ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಕೊಡಬೇಕು. ಪಾಲಿಕೆಯು ಪಾಲುದಾರನಾಗಿರುವ ಕಂಪನಿಗಳಿಂದ ಇದನ್ನು ಕೇಳುವದು ಭಿಕ್ಷೆಯಲ್ಲ, ಪಾಲುದಾರನ ಹಕ್ಕು. ಮಿಕ್ಕವರು ಬರಲೊಪ್ಪದಿದ್ದರೆ, ಒಪ್ಪಲಿಲ್ಲವೆಂಬದನ್ನಾದರೂ ನಡಾವಳಿಯಲ್ಲಿ ಬರೆದಿಡಲಿ. ಅದನ್ನು ಅಚ್ಚು ಹಾಕುವ ಕೆಲಸ ನಮಗಿರಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದ ಒಂದು ಕೆಲಸವನ್ನು ಬರುವ ಸೋಮವಾರದಿಂದ ಆರಂಭಿಸುತ್ತೇವೆ. ವಾಚಕರು ತಮ್ಮ ಓಣಿಯ ಹೆಸರು, ನೀರು ಬಂದ ತಾರೀಖು, ಬಂದ ವೇಳೆ, ನಿಂತ ವೇಳೆ ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಕಾರ್ಯಾಲಯಕ್ಕೆ ಕಳಿಸಿಕೊಡಬೇಕು. ಕಾರ್ಡು ಬೇಡವೆನ್ನುವವರು ಫೋನಿನಲ್ಲಿ ಹೇಳಿದರೂ ಬರೆದುಕೊಳ್ಳಲಾಗುವದು. ಟೀಕೆ ಬೇಡ, ಬೈಗುಳು ಬೇಡ. ಓಣಿ ಮತ್ತು ತಾರೀಖು ಸಾಕು. ವಾರಕ್ಕೊಮ್ಮೆ ಈ ಪುಟದ ಎಡಗಡೆಯ ಅಂಕಣದಲ್ಲಿ, ಹುಬ್ಬಳ್ಳಿಯದು ಮೇಲೆ, ಧಾರವಾಡದ್ದು ಕೆಳಗೆ, ಅವುಗಳನ್ನು ಪ್ರಕಟಿಸುವೆವು. ನಮ್ಮ ಮುದ್ರಣಾಲಯದ ಎದುರಿನ ತಗ್ಗಿನ ಸುದ್ದಿಯನ್ನು ಆ ಅಂಕಣಕ್ಕೆ ಸೇರಿಸುವದಿಲ್ಲ. ಅದನ್ನು ಮೊನ್ನೆ ಹಮಾಲನೇ ಎರಡು ಬುಟ್ಟಿ ಮುರುಮು ತಂದು ತುಂಬಿದನು.